ತೊಂಬತ್ತು ದಿನದ ಪರವಾನಗಿ

ಮಿರಜದ ಆ ಆಸ್ಪತ್ರೆಗೆ ಮಂದಾ ಕೋರೆ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನೆಲಮಹಡಿಯ ಮೂಲೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಮರಾಠಿ, ಕನ್ನಡ, ಹಿಂದಿ ಮೂರರಲ್ಲೂ ಯಾವ ವಾರ್ಡು ಬೇಕೆಂದು ಕೇಳಿ ಜೋಡಿಸಿಕೊಡುವುದು ಅವಳ ಕೆಲಸ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಆ ಕೋಣೆಗೆ ಕರೆಗಳು ಕಡಿಮೆಯಾದವು. ಒಂದು ದಿನ ಆಡಳಿತದವರು ಅವಳ ಕುರ್ಚಿಯನ್ನು ಮೂರನೇ ಮಹಡಿಯ ಕಂಪ್ಯೂಟರ್ ಕೋಣೆಗೆ ಸಾಗಿಸಿದರು. ಕುರ್ಚಿಯ ಹಿಂದೆ ಅವಳೂ ಹೋದಳು.

ಅಲ್ಲಿ ಅವಳನ್ನು ಕೂರಿಸಿಕೊಂಡು ಕಲಿಸಿದವರಿಲ್ಲ. ಬಂದುಹೋಗುವ ಎಂಜಿನಿಯರುಗಳ ಹಿಂದೆ ನಿಂತು ನೋಡಿ ಕಲಿತಳು. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಗಳು ಸಾಯಲಿಯ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದಿಟ್ಟುಕೊಂಡಳು. ಐದಾರು ವರ್ಷದಲ್ಲಿ ಆಸ್ಪತ್ರೆಯ ಯಾವ ಗೋಡೆಯೊಳಗೆ ಯಾವ ವೈರಿದೆ ಎಂದು ಹೇಳಬಲ್ಲವಳು ಅವಳೊಬ್ಬಳೇ ಆದಳು. ಆದರೆ ಎಂಜಿನಿಯರಿಂಗ್ ಕಾಗದ ಅವಳ ಬಳಿ ಇರಲಿಲ್ಲ. ಹೊಸ ಆಡಳಿತ ಬಂದು ಎಲ್ಲರ ಸರ್ಟಿಫಿಕೇಟು ಕೇಳಿದ ವರ್ಷ ಅವಳು ಟೈಪಿಂಗ್ ಪರೀಕ್ಷೆಯದನ್ನೂ ಟೆಲಿಫೋನ್ ತರಬೇತಿಯದನ್ನೂ ಕೊಟ್ಟಿದ್ದಳು. ಗುಮಾಸ್ತ ಎರಡನ್ನೂ ತಿರುವಿ ನೋಡಿ, ಏನೂ ಹೇಳದೆ ಫೈಲಿಗೆ ಸೇರಿಸಿದ್ದ. ಅಂದಿನಿಂದ ಅವಳೊಳಗೊಂದು ಅಂಜಿಕೆ ಉಳಿದುಕೊಂಡಿತ್ತು. ಎಂದಾದರೂ ಒಂದು ದಿನ ಯಾರೋ ಬಂದು, ‘ಫೋನಿನವಳು ಇಲ್ಲಿ ಏನು ಮಾಡತಾಳ?’ ಎಂದು ಕೇಳುತ್ತಾರೆ ಎಂದು.

ಆ ಸೆಪ್ಟೆಂಬರಿನ ಮಂಗಳವಾರ ಬೆಳಿಗ್ಗೆ ಹೊಸ ಡಯಾಲಿಸಿಸ್ ವಿಭಾಗಕ್ಕೆ ವೈಫೈ ಕೊಡಬೇಕಿತ್ತು. ಆಸ್ಪತ್ರೆಯ ವೈಫೈ ಮನೆಯ ವೈಫೈಯಂತಲ್ಲ. ಪ್ರತಿ ವಾರ್ಡಿನ ಛಾವಣಿಗೆ ಬಿಳಿಯ ಡಬ್ಬಿಗಳಿರುತ್ತವೆ; ಅಲ್ಲಿ ಅರವತ್ತನಾಲ್ಕಿದ್ದವು. ಅವು ತಾವಾಗಿ ಏನೂ ಮಾಡವು. ಮೂರನೇ ಮಹಡಿಯಲ್ಲಿ ಕಂಟ್ರೋಲರ್ ಎಂಬ ಒಂದು ಯಂತ್ರವಿದೆ. ಎಲ್ಲ ಡಬ್ಬಿಗಳೂ ಅದರ ಅಪ್ಪಣೆ ಪಡೆದೇ ನಡೆಯಬೇಕು. ಆ ಯಂತ್ರಕ್ಕೂ ತಯಾರಿಸಿದ ಕಂಪನಿಯ ಅಪ್ಪಣೆ ಬೇಕು. ಇಷ್ಟು ಡಬ್ಬಿಗಳನ್ನು ಇಷ್ಟು ಕಾಲ ನಡೆಸಬಹುದು ಎಂಬ ಲೈಸೆನ್ಸು. ಕಾಗದದ್ದಲ್ಲ, ಯಂತ್ರದೊಳಗೇ ಕೂರುವ ಒಂದು ಸಣ್ಣ ಫೈಲು.

ಅರವತ್ತೈದನೇ ಡಬ್ಬಿಯನ್ನು ಛಾವಣಿಗೆ ಏರಿಸಿ, ಮೇಲೆ ಬಂದು ಮಂದಾ ಸ್ಕ್ರೀನಿನಲ್ಲಿ ಅದನ್ನು ಹುಡುಕಿದಳು. ಬರಲಿಲ್ಲ. ವೈರು ಬದಲಿಸಿದಳು. ಆಗಲೂ ಬರಲಿಲ್ಲ. ಯಾಕೆಂದು ನೋಡಲು ಹಿಂದೆಂದೂ ತೆರೆಯದಿದ್ದ ಲೈಸೆನ್ಸಿನ ಪುಟ ತೆರೆದಳು. ‘ಶಾಶ್ವತ’ ಎಂದಿರಬೇಕಾದ ಕಡೆ ‘ಪರೀಕ್ಷಾರ್ಥ, ತೊಂಬತ್ತು ದಿನ’ ಎಂದು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ, ಉಳಿದ ದಿನಗಳು: ಸೊನ್ನೆ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅವಧಿ ಮುಗಿದಿದ್ದರೆ ಅರವತ್ತನಾಲ್ಕು ಡಬ್ಬಿಗಳು ಹೇಗೆ ನಡೆಯುತ್ತಿವೆ? ಕಂಪನಿಯ ಕೈಪಿಡಿಯನ್ನು ಕಂಪ್ಯೂಟರಿನಲ್ಲೇ ತೆಗೆದು, ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಓದಿದಳು. ಅವಧಿ ಮುಗಿದ ಮೇಲೂ ಈಗಾಗಲೇ ಸೇರಿಕೊಂಡಿರುವ ಡಬ್ಬಿಗಳು ನಡೆಯುತ್ತವೆ, ಹೊಸವು ಸೇರುವುದಿಲ್ಲ. ಯಂತ್ರ ಒಮ್ಮೆ ಆರಿ ಹತ್ತಿದರೆ ಒಂದೂ ಸೇರುವುದಿಲ್ಲ.

ಅಂದರೆ, ಯಾರೂ ಆ ಯಂತ್ರವನ್ನು ಆರಿಸಿಲ್ಲ ಎಂಬ ಒಂದೇ ಕಾರಣಕ್ಕೆ ಇಡೀ ಆಸ್ಪತ್ರೆಯ ವೈಫೈ ನಡೆದಿತ್ತು.

ಅದರ ಮೇಲೆ ಏನೇನು ನಿಂತಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡನೇ ಮಹಡಿಯಲ್ಲಿ ಹೃದಯದ ಆಪರೇಷನ್ ಆದವರ ವಾರ್ಡು. ಹದಿನಾಲ್ಕು ಹಾಸಿಗೆ. ಪ್ರತಿ ಹಾಸಿಗೆಯ ಪಕ್ಕದ ಮಾನಿಟರು ಎದೆಬಡಿತವನ್ನು ವೈಫೈ ಮೂಲಕ ನರ್ಸುಗಳ ಮೇಜಿನ ದೊಡ್ಡ ಪರದೆಗೆ ಕಳಿಸುತ್ತಿತ್ತು. ಆ ಪರದೆಯ ಕೂಗಿಗೇ ನರ್ಸುಗಳು ಓಡುತ್ತಿದ್ದರು. ಒಂಬತ್ತನೇ ಹಾಸಿಗೆಯಲ್ಲಿ ಮಾಲಗಾಂವದ ಮಾಣಿಕಬಾಯಿ ಇದ್ದರು. ಮಂದಾಳ ಮನೆಯ ಹಿಂದಿನ ಓಣಿಯವರು, ಎಪ್ಪತ್ತು ದಾಟಿದ ಜೈನರ ಹೆಣ್ಣುಮಗಳು.

ಆ ಯಂತ್ರವನ್ನು ಕೂರಿಸಿದ ಜೂನಿನ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಏಪ್ರಿಲ್‌ನಲ್ಲಿ ಬಂದ ಮೊದಲ ಕಂಟ್ರೋಲರ್ ಸಿಡಿಲಿಗೆ ಸುಟ್ಟಿತ್ತು. ಕಂಪನಿ ಅದನ್ನು ವಾಪಸ್ ಪಡೆದು, ಬದಲಿಗೆ ರಿಪೇರಿಯಾದ ಹಳೆಯದೊಂದನ್ನು ಕಳಿಸಿತ್ತು. ಅದನ್ನು ಕೂರಿಸಲು ಸಾಂಗ್ಲಿಯ ಒಂದು ಸಣ್ಣ ಏಜೆನ್ಸಿಯಿಂದ ರಘುವೀರ ಎಂಬ ಎಂಜಿನಿಯರ್ ಬಂದಿದ್ದ. ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ ಕಾಗದ ಮುಂದೆ ಹಿಡಿದಿದ್ದ.

“ಎಲ್ಲಾ ನಡದೈತ್ರಿ ತಾಯಿ. ಇಲ್ಲೊಂದು ಸಹಿ ಮಾಡ್ರಿ.”

ಅವಳು ಮಾಡಿದ್ದಳು. ಈಗ ಕಪಾಟಿನಿಂದ ಆ ಕಾಗದ ತೆಗೆದು ನೋಡಿದಳು. ‘ಅರವತ್ತನಾಲ್ಕು ಶಾಶ್ವತ ಲೈಸೆನ್ಸುಗಳು ಪರಿಶೀಲಿಸಲ್ಪಟ್ಟಿವೆ.’ ಕೆಳಗೆ ಅವಳ ಗುಂಡನೆಯ ಅಕ್ಷರದ ಸಹಿ.

ರಘುವೀರನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಏಜೆನ್ಸಿಗೆ ಮಾಡಿದರೆ, ಅವನು ಕೆಲಸ ಬಿಟ್ಟು ತಿಂಗಳಾಯಿತೆಂದು ಒಬ್ಬ ಹುಡುಗಿ ಮರಾಠಿಯಲ್ಲಿ ಹೇಳಿ ಇಟ್ಟುಬಿಟ್ಟಳು.

ಆಗಲೇ ಹೇಳಿಬಿಡಬೇಕಿತ್ತು. ಮೆಟ್ಟಿಲಿಳಿದು ಹೋಗಿ ಯಾರಿಗಾದರೂ ಹೇಳಬೇಕಿತ್ತು. ಮಂದಾ ಎದ್ದಳು, ಬಾಗಿಲವರೆಗೆ ಹೋದಳು, ತಿರುಗಿ ಬಂದು ಕುಳಿತಳು. ಓದದೆ ಸಹಿ ಮಾಡಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು? ಅಲ್ಲದೆ ಲೈಸೆನ್ಸಿಲ್ಲದ ಸಾಫ್ಟ್‌ವೇರ್ ನಡೆಸಿದರೆ ಕಳ್ಳತನ ಎನ್ನುತ್ತಾರೆ. ಕಚೇರಿಗೆ ಬಂದು ಯಂತ್ರ ಎತ್ತಿಕೊಂಡು ಹೋಗುತ್ತಾರೆ ಎಂದು ಎಲ್ಲೋ ಕೇಳಿದ್ದಳು. ಹಾಗೆ ಯಾರಾದರೂ ಬಂದರೆ ಮೊದಲು ಕಾಣುವುದು ಅವಳ ಸಹಿಯೇ. ಇಂದು ನಡೆದಿದೆಯಲ್ಲ, ನಾಳೆ ರಘುವೀರ ಸಿಗುತ್ತಾನೆ, ಸರಿಹೋಗುತ್ತದೆ ಎಂದುಕೊಂಡಳು. ಡಯಾಲಿಸಿಸ್ ವಿಭಾಗದವರಿಗೆ ಸಾಮಾನು ಬಂದಿಲ್ಲ ಎಂದು ಸುಳ್ಳು ಹೇಳಿದಳು.

ಯಂತ್ರದ ಪ್ಲಗ್ಗಿಗೆ ಮೂರು ಸುತ್ತು ಟೇಪು ಸುತ್ತಿದಳು. ‘ಹಾತ ಲಾವೂ ನಕಾ’ ಎಂದು ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದಳು. ಕಸ ಗುಡಿಸುವ ಮಂಗಲಳನ್ನು ಆ ಕೋಣೆಗೆ ಬಿಡದೆ ತಾನೇ ಗುಡಿಸತೊಡಗಿದಳು. ಕೈ ಹಚ್ಚಬೇಡಿ ಎಂದು ಬರೆದದ್ದನ್ನು ಮಂಗಲ ಎರಡು ಸಲ ಓದಿ, ತನ್ನ ಮೇಲೆ ಸಂಶಯವೇ ಎಂದು ಮುಖ ಊದಿಸಿಕೊಂಡಳು. ಸಮಾಧಾನ ಹೇಳುವಷ್ಟು ತ್ರಾಣ ಮಂದಾಳಲ್ಲಿ ಇರಲಿಲ್ಲ.

ದಿನಗಳು ಹೀಗೇ ಹೋದವು. ಮನೆಯಲ್ಲಿ ಮಿಕ್ಸರ್ ನಿಂತರೆ ಕರೆಂಟು ಹೋಯಿತೇ ಎಂದು ದೀಪ ನೋಡುವಳು. ಬಸ್ಸಿನಲ್ಲಿ ಯಾರದೋ ಫೋನು ಪೀಂ ಎಂದರೆ ಕಂಪ್ಯೂಟರ್ ಕೋಣೆಯ ಯುಪಿಎಸ್ ಕೂಗಿದಂತೆ ಕೇಳುತ್ತಿತ್ತು. ಆಸ್ಪತ್ರೆ ಮುಟ್ಟಿದೊಡನೆ ಯಾರನ್ನೂ ಮಾತಾಡಿಸದೆ ಮೂರು ಮಹಡಿ ಹತ್ತಿ ಸ್ಕ್ರೀನು ನೋಡುವಳು. ಅರವತ್ತನಾಲ್ಕು. ಆಮೇಲೇ ಉಸಿರು.

ಆರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಆಸ್ಪತ್ರೆಯ ಜನರೇಟರು ಶುರುವಾಗುವುದು ಕೆಲವೇ ಕ್ಷಣದಲ್ಲಿ. ಆ ನಡುವಿನ ಹೊತ್ತಿಗೆ ಯುಪಿಎಸ್ ಬ್ಯಾಟರಿಯಿದೆ. ಕ್ಯಾಂಟೀನಿನಲ್ಲಿ ಚಪಾತಿ ಮುರಿಯುತ್ತಿದ್ದ ಮಂದಾ ತಟ್ಟೆ ಬಿಟ್ಟು ಓಡಿದಳು. ಮೆಟ್ಟಿಲ ಮೇಲೆ ಎಡವಿ ಮೊಣಕಾಲು ತರಚಿಕೊಂಡಳು. ಕೋಣೆಯಲ್ಲಿ ಯುಪಿಎಸ್ ಒಂದೇ ಸಮನೆ ಕೂಗುತ್ತಿತ್ತು. ಬ್ಯಾಟರಿ ಕ್ಷೀಣ ಎಂಬ ಕೆಂಪು ದೀಪ. ಅವಳು ಯಂತ್ರದ ಎದುರು ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಳು. ಜನರೇಟರಿನ ಗುಡುಗು ಕೇಳಿತು. ಕೂಗು ನಿಂತಿತು. ಸ್ಕ್ರೀನಿನಲ್ಲಿ ಅರವತ್ತನಾಲ್ಕು.

ಸಂಜೆ ಮನೆಗೆ ಹೋಗುವ ಮುಂಚೆ ಮಾಣಿಕಬಾಯಿಯನ್ನು ನೋಡಲು ಎರಡನೇ ಮಹಡಿಗೆ ಹೋದಳು. ಅಜ್ಜಿ ದಿಂಬಿಗೊರಗಿ ಕುಳಿತಿದ್ದರು.

“ಮಂದಾ, ಆ ಸಿಸ್ಟರ್ ಹೇಳಿದ್ಲು. ಆ ಮ್ಯಾಲಿನ ಬಿಳಿ ಡಬ್ಬಿ ನಿಂದಂತಲ್ಲ? ಅದು ನನ್ನ ಎದಿ ನೋಡತೈತೇನು?”

“ಹೌದ್ರಿ ಆಯಿ.”

“ನೋಡ್ಲಿ ನೋಡ್ಲಿ. ಮಂದಿಕಿಂತ ಚಲೋ. ಊಟಕ್ಕ ಹೋಗೂದಿಲ್ಲ, ನಿದ್ದಿ ಮಾಡೂದಿಲ್ಲ.” ಅಜ್ಜಿ ನಕ್ಕರು. ಮಂದಾಗೆ ನಗಲಾಗಲಿಲ್ಲ.

ಆ ವಾರ್ಡಿನ ಮುಖ್ಯ ನರ್ಸು ಮಯೂರಿ ಲಿಂಗನೂರಿನವಳು. ಕನ್ನಡದವಳೆಂದು ಮಂದಾಗೆ ಮೊದಲಿನಿಂದಲೂ ಹತ್ತಿರ. ಇಬ್ಬರೂ ದಿನಾ ನಾಲ್ಕಕ್ಕೆ ಕೂಡಿ ಚಹಾ ಕುಡಿಯುವರು.

“ಯಾಕ ಮಂದಾಕ್ಕಾ, ಮಾರಿ ಹಿಂಗ್ಯಾಕ ಬಾಡೇತಿ? ಆರಾಮ ಇಲ್ಲೇನ್ರಿ?” ಎಂದು ಮಯೂರಿ ಕೇಳಿದಳು.

“ಏನಿಲ್ಲ, ಪಿತ್ತ ಆಗೇತಿ,” ಎಂದಳು ಮಂದಾ.

ಒಂಬತ್ತನೇ ದಿನ ಬುಧವಾರ ಕಟ್ಟಡ ನಿರ್ವಹಣೆಯವರಿಂದ ಒಂದು ನೋಟೀಸು ಬಂತು. ‘ಯುಪಿಎಸ್ ಬ್ಯಾಟರಿಗಳು ಕೆಟ್ಟಿವೆ. ರವಿವಾರ ಬೆಳಿಗ್ಗೆ ಹತ್ತಕ್ಕೆ ಬದಲಿಸಲಾಗುವುದು. ಕಂಪ್ಯೂಟರ್ ಕೋಣೆಯ ವಿದ್ಯುತ್ ಇಪ್ಪತ್ತು ನಿಮಿಷ ಬಂದ್ ಇರುತ್ತದೆ.’ ಮಂದಾ ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಮಾಲಗಾಂವದ ಸ್ಟಾಪು ಬಂದದ್ದು ತಿಳಿಯದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದಳು.

ಅವಳ ಗಂಡ ಹಣಮಂತ ಎಸ್‌ಟಿ ಬಸ್ಸುಗಳ ಡೆಪೊದಲ್ಲಿ ಮೆಕ್ಯಾನಿಕ್. ಸಂಜೆ ಬಚ್ಚಲಲ್ಲಿ ಕೈಯ ಗ್ರೀಸು ತಿಕ್ಕಿ ತೊಳೆಯುತ್ತಿದ್ದ. ಅವಳ ಮುಖ ನೋಡಿ ನೀರು ನಿಲ್ಲಿಸಿದ.

“ವಾರ ಆತು ನೋಡಾಕತ್ತೀನಿ. ಉಣ್ಣೂದಿಲ್ಲ, ಮಾತಾಡೂದಿಲ್ಲ. ಏನಾಗೇತಿ ಹೇಳ.”

ಅವಳು ನೋಟೀಸು ಕೊಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅಳತೊಡಗಿದಳು. ಒಳಗೆ ಓದುತ್ತಿದ್ದ ಸಾಯಲಿ ಬಾಗಿಲಿಗೆ ಬಂದು ನಿಂತು, “ಆಯೀ, ಕಾಯ ಝಾಲಂ?” ಎಂದು ಮರಾಠಿಯಲ್ಲಿ, ಏನಾಯಿತೆಂದು ಗಾಬರಿಯಿಂದ ಕೇಳಿದಳು. ಹಣಮಂತ ಕೈಸನ್ನೆಯಿಂದ ಮಗಳನ್ನು ಒಳಗೆ ಕಳಿಸಿದ.

“ನನ್ನ ಕೆಲಸಾ ಹೋಗತೈತಿ,” ಎಂದಳು ಮಂದಾ. “ಕಳ್ಳಿ ಅಂತಾರ ನನ್ನ.”

ಹಣಮಂತ ಟವೆಲಿನಿಂದ ಬೆರಳು ಒರೆಸಿಕೊಂಡ. “ಗಾಡಿ ಬ್ರೇಕ್ ಹಿಡಿವಲ್ದು ಅಂತ ನನಗ ಗೊತ್ತಿತ್ತು ಅಂತ ತಿಳಿ. ಡ್ರೈವರ್‌ಗೆ ಹೇಳಲಿಲ್ಲ. ಗಾಡಿ ಸ್ಟ್ಯಾಂಡಿಂದ ಹೊಂಟತು, ತುಂಬ ಮಂದಿ. ಆವಾಗ ನೀ ನನ್ನ ಏನಂತೀ?”

ಮಂದಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾಳೆ ಹೋಗಿ ಹೇಳ. ಕೆಲಸಾ ಹೋದ್ರ ಹೋಗವಲ್ದ್ಯಾಕ.” ಅಷ್ಟು ಹೇಳಿದ ಅವನ ದನಿಯೂ ಗಟ್ಟಿಯಿರಲಿಲ್ಲ.

ಡಾಕ್ಟರ್ ಸುಖದಾ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕಿ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮರಾಠಿ. ಮಂದಾಳಂಥವರ ಜೊತೆ ಮಾತ್ರ ಬಾಗಿಲು ಮುಚ್ಚಿದರೆ ಕನ್ನಡ. ಗುರುವಾರ ಬೆಳಿಗ್ಗೆ ಮಂದಾ ಅವರ ಮೇಜಿನ ಮುಂದೆ ನಿಂತೇ ಹೇಳಿದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಸಹಿ ಮಾಡಿದ ಕಾಗದ, ಸ್ಕ್ರೀನಿನ ಪ್ರತಿ, ನೋಟೀಸು ಮೂರನ್ನೂ ಮುಂದಿಟ್ಟಳು.

ಡಾಕ್ಟರು ಎಲ್ಲ ಓದಿದರು. ಮೊದಲು ಒಂದು ಪ್ರಶ್ನೆ ಕೇಳಿದರು. “ಇದು ನಿಮಗ ಗೊತ್ತಾಗಿ ಎಷ್ಟು ದಿನಾ ಆತು?”

“ಹತ್ತ ದಿನಾರಿ.”

ಡಾಕ್ಟರು ಸಹಿಯ ಕಾಗದವನ್ನು ಇನ್ನೊಮ್ಮೆ ಎತ್ತಿ ನೋಡಿ ಇಟ್ಟರು. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಮಂದಾಗೆ.

“ಬ್ಯಾಟರಿ ಕೆಲಸಾ ಮುಂದ ಹಾಕಾಕ ಬರತೈತೇನು?”

“ಬರೂದಿಲ್ರಿ ಮ್ಯಾಡಮ್. ಬ್ಯಾಟರಿ ಪೂರಾ ಕೆಟ್ಟಾವು. ಮುಂದ ಹಾಕಿದ್ರ ಯಾವಾಗ ಬೇಕಾದಾವಾಗ ತಾನ ಆರತೈತಿ. ಅದು ಇನ್ನೂ ಕೆಟ್ಟದು.”

“ಹಂಗಾರ ರವಿವಾರದೊಳಗ ಲೈಸೆನ್ಸ್ ಬರಬೇಕು. ಏನ ಮಾಡತೀರಿ ಮಾಡ್ರಿ, ಗಾಡಿ ಬೇಕಂದ್ರ ತಗೊಂಡು ಹೋಗ್ರಿ. ಆದ್ರ ಮೊದಲ ಕೆಳಗ ಹೋಗಿ ಮಯೂರಿ ಸಿಸ್ಟರ್‌ಗೆ ಹೇಳ್ರಿ. ಈಗಿಂದೀಗ. ನಿಮ್ಮ ಬಾಯಿಂದ.”

ಅದು ಎಲ್ಲಕ್ಕಿಂತ ಕಷ್ಟವಾಯಿತು. ಮಯೂರಿ ಔಷಧದ ಟ್ರಾಲಿ ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ಅವಳ ಕಣ್ಣು ಮೇಜಿನ ಪರದೆಯ ಮೇಲೆ ಹೋಯಿತು. ಹದಿನಾಲ್ಕು ಹಸಿರು ಗೆರೆಗಳು ಓಡುತ್ತಿದ್ದವು.

“ನಾ ಇದರ ಮ್ಯಾಲೆ ಭರವಸಾ ಇಟ್ಟು ಹುಡುಗ್ಯಾರನ್ನ ಊಟಕ್ಕ ಕಳಸ್ತಿದ್ದೆ,” ಎಂದಳು. “ಹತ್ತ ದಿನಾ?”

“ಹೌದು.”

ಮಯೂರಿ ತಿರುಗಿ, ಮೂವರು ನರ್ಸುಗಳನ್ನು ಹೆಸರು ಹಿಡಿದು ಕರೆದು ಮರಾಠಿಯಲ್ಲಿ ಆಜ್ಞೆ ಕೊಡತೊಡಗಿದಳು. ಇನ್ನು ಮೇಜಿನ ಹತ್ತಿರ ಯಾರೂ ಕೂರಬಾರದು, ಹಾಸಿಗೆಗಳ ನಡುವೆಯೇ ಇರಬೇಕು, ಊಟಕ್ಕೆ ಒಬ್ಬೊಬ್ಬರೇ ಹೋಗಬೇಕು.

ಮಧ್ಯಾಹ್ನ ಮಂದಾ ಸಾಂಗ್ಲಿಗೆ ಹೋದಳು. ರಘುವೀರನ ಮನೆ ಸಾಂಗ್ಲಿವಾಡಿಯಲ್ಲಿ ಎಂದು ಏಜೆನ್ಸಿಯ ಕಾವಲುಗಾರ ಹೇಳಿದ. ಗಾಡಿ ಸೇತುವೆ ದಾಟುವಾಗ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮಂದಾ ಆ ಕಡೆ ನೋಡಲಿಲ್ಲ. ಅವನು ಸಿಗದಿದ್ದರೆ ಏನು ಗತಿ ಎಂಬುದೊಂದೇ ತಲೆಯಲ್ಲಿತ್ತು.

ಸಿಕ್ಕ. ಒಂದು ಹಾಲಿನ ಡೇರಿಯ ಮಾಳಿಗೆಯ ಮೇಲೆ ಏಣಿ ಹಾಕಿಕೊಂಡು ಸಿಸಿಟಿವಿ ಕ್ಯಾಮೆರಾ ಕೂರಿಸುತ್ತಿದ್ದ. ಅವಳನ್ನು ಕಂಡು ಇಳಿದು ಬಂದ. ಫೋನ್ ಎತ್ತದಿದ್ದವನು ಇವನೇ ಎಂದು ಸಿಟ್ಟು ಬರಬೇಕಿತ್ತು. ಆದರೆ ಅವಳು ಸ್ಕ್ರೀನಿನ ಪ್ರತಿ ತೋರಿಸಿದೊಡನೆ ಅವನ ಮುಖದ ಬಣ್ಣವೇ ಇಳಿದುಹೋಯಿತು.

“ಸೊನ್ನಿ ಆಗೇತೇನ್ರಿ?” ಎಂದ. “ನಾ ಎತ್ತಿ ಹಾಕೋದು ಬಿಟ್ಟೆ. ಮರತೇ ಬಿಟ್ಟೆ ತಾಯಿ.”

“ಏನ ಎತ್ತಿ ಹಾಕೋದು?”

“ನಿಮ್ಮ ಲೈಸೆನ್ಸ್ ಖರೇನ ಐತ್ರಿ. ಶಾಶ್ವತದ್ದು, ಅರವತ್ತನಾಲ್ಕು. ಆದ್ರ ಅದು ಸುಟ್ಟ ಕಂಟ್ರೋಲರ್ ಹೆಸರಲೇ ಐತಿ. ಪ್ರತಿ ಯಂತ್ರಕ್ಕೊಂದು ಸೀರಿಯಲ್ ನಂಬರ್ ಇರತೈತಲ್ರಿ, ಲೈಸೆನ್ಸ್ ಅದಕ್ಕ ಗಂಟ ಹಾಕಿರತಾರ. ಬದಲಿ ಯಂತ್ರ ಬಂದಾಗ ಕಂಪನಿಗೆ ಬರದು ಹೊಸಾ ನಂಬರಿಗೆ ಹಾಕಿಸಬೇಕಿತ್ತು. ಅವತ್ತ ಗಡಿಬಿಡಿ ಇತ್ತು. ಆಸ್ಪತ್ರಿ ನಿಂತಿತ್ತು. ಪರೀಕ್ಷಾದ್ದು ಹಚ್ಚಿ ನಡಸೋಣು, ಆಮ್ಯಾಲೆ ನೋಡೋಣು ಅಂತ ಮನಸಿನಾಗ ಅಂದ್ಕೊಂಡೆ.”

“ಮತ್ತ ಕಾಗದದಾಗ ಶಾಶ್ವತ ಅಂತ ಬರದೀರಲ್ಲ?”

ರಘುವೀರ ತಲೆ ತಗ್ಗಿಸಿದ. “ಆ ಕಾಗದಾ ಮೊದಲ ಛಾಪಿಸಿದ್ದು ಇರತೈತ್ರಿ. ಎಲ್ಲಾರೂ ಸಹಿ ಮಾಡತಾರ. ನಾನೂ ಮಾಡೀನಿ.”

ಕದ್ದದ್ದಲ್ಲ ಎಂದು ಗೊತ್ತಾಗಿ ಮಂದಾ ಡೇರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ರಘುವೀರ ಅಲ್ಲೇ ತನ್ನ ಲ್ಯಾಪ್‌ಟಾಪ್ ತೆರೆದು ಕಂಪನಿಯ ಲೈಸೆನ್ಸ್ ವಿಭಾಗಕ್ಕೆ ಅರ್ಜಿ ಬರೆಯಲು ನೆರವಾದ. ಸುಟ್ಟ ಯಂತ್ರ ವಾಪಸ್ ಹೋದದ್ದಕ್ಕೆ ಪುರಾವೆ ಬೇಕು ಎಂದು ತಾಸಿನೊಳಗೆ ಉತ್ತರ ಬಂತು. ಪುರಾವೆ ಅಂದರೆ ಜೂನಿನ ಕೊರಿಯರ್ ಚೀಟಿ. ಶುಕ್ರವಾರವಿಡೀ ಮಂದಾ ಅದನ್ನು ಹುಡುಕಿದಳು. ಕಪಾಟು, ಡ್ರಾಯರು, ರದ್ದಿಯ ಚೀಲ. ಕೊನೆಗೆ ದಾಸ್ತಾನು ಕೋಣೆಯಲ್ಲಿ ಬದಲಿ ಯಂತ್ರ ಬಂದಿದ್ದ ರಟ್ಟಿನ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿತ್ತು. ಮಸುಕಾಗಿತ್ತು, ಆದರೂ ನಂಬರು ಓದಬಹುದಿತ್ತು.

ಶನಿವಾರ ಮಧ್ಯಾಹ್ನದವರೆಗೂ ಉತ್ತರವಿಲ್ಲ. ಐದು ನಿಮಿಷಕ್ಕೊಮ್ಮೆ ಮೇಲ್ ತೆರೆದು ನೋಡುತ್ತಿದ್ದಳು. ಒಂದೂವರೆಗೆ ಬಂತು: ಒಂದು ಪುಟ್ಟ ಫೈಲು, ಅದರಲ್ಲಿ ಬದಲಿ ಯಂತ್ರದ ನಂಬರು. ಹನ್ನೊಂದು ಅಕ್ಷರ. ಫೈಲಿನ ನಂಬರಿಗೂ ಯಂತ್ರದ ಹಿಂದಿನ ಚೀಟಿಗೂ ಮೂರು ಸಲ ತಾಳೆ ನೋಡಿದಳು. ಯಂತ್ರಕ್ಕೆ ಹಾಕಿದಳು. ‘ಈ ಷರತ್ತುಗಳನ್ನು ಒಪ್ಪುತ್ತೀರಾ’ ಎಂದು ಅದು ಒಂದು ಉದ್ದನೆಯ ಪುಟ ತೋರಿಸಿತು. ಮಂದಾ ಡಿಕ್ಷನರಿ ಇಟ್ಟುಕೊಂಡು ಮುಕ್ಕಾಲು ತಾಸು ಓದಿ, ಆಮೇಲೆ ಒಪ್ಪಿದಳು. ‘ಸ್ವೀಕರಿಸಲಾಗಿದೆ. ಯಂತ್ರ ಆರಿ ಹತ್ತಿದ ನಂತರ ಜಾರಿಗೆ ಬರುತ್ತದೆ’ ಎಂದಿತು ಸ್ಕ್ರೀನು.

ಅಂದರೆ ಆರುವವರೆಗೆ ಇದು ನಿಜವೋ ಅಲ್ಲವೋ ತಿಳಿಯುವಂತಿಲ್ಲ. ಅರವತ್ತನಾಲ್ಕನ್ನೂ ಕಳೆದುಕೊಂಡು ನೋಡಬೇಕು.

ರವಿವಾರ ಒಂಬತ್ತೂವರೆಗೆ ಡಾಕ್ಟರ್ ಸುಖದಾ ತಾವೇ ಎರಡನೇ ಮಹಡಿಗೆ ಬಂದು ನಿಂತರು. ರಜೆಯಲ್ಲಿದ್ದ ನರ್ಸುಗಳನ್ನೂ ಮಯೂರಿ ಕರೆಸಿದ್ದಳು. ಹದಿನಾಲ್ಕು ಹಾಸಿಗೆಗೆ ಹದಿನಾಲ್ಕು ಜನ. ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಮಂದಾ, ಮತ್ತು ಬ್ಯಾಟರಿಯ ಇಬ್ಬರು ಕೆಲಸಗಾರರು. ಹತ್ತಕ್ಕೆ ಸರಿಯಾಗಿ ಅವರು ಸ್ವಿಚ್ಚು ಇಳಿಸಿದರು.

ಕೋಣೆಯ ಎಲ್ಲ ಫ್ಯಾನುಗಳೂ ಒಟ್ಟಿಗೆ ನಿಂತವು. ಅಲ್ಲಿ ಅಷ್ಟು ಮೌನವನ್ನು ಮಂದಾ ಎಂದೂ ಕೇಳಿರಲಿಲ್ಲ. ಕೆಳಗೆ ದೊಡ್ಡ ಪರದೆ ಈಗ ಖಾಲಿಯಾಗಿರುತ್ತದೆ ಎಂದು ನೆನೆದಳು. ಕೆಲಸಗಾರರು ಒಂದೊಂದೇ ಹಳೆಯ ಬ್ಯಾಟರಿ ಎಳೆದು ಹೊಸದನ್ನು ತಳ್ಳುತ್ತಿದ್ದರು. ನಡುವೆ ಒಬ್ಬ ತಂಬಾಕು ತಿಕ್ಕಿಕೊಳ್ಳಲು ನಿಂತಾಗ ಅವಳಿಗೆ ಕಿರುಚಬೇಕೆನಿಸಿತು. ಹದಿನೆಂಟು ನಿಮಿಷಕ್ಕೆ ಮುಗಿಯಿತು. ಸ್ವಿಚ್ಚು ಏರಿತು. ಯಂತ್ರ ಎಚ್ಚರಗೊಳ್ಳಲು ಏಳು ನಿಮಿಷ ಬೇಕು. ಆ ಏಳು ನಿಮಿಷ ಅವಳು ಗೋಡೆಗೆ ಒರಗಿ ನಿಂತಳು.

ಸ್ಕ್ರೀನು ಬಂತು. ಲೈಸೆನ್ಸಿನ ಪುಟ ತೆರೆದಳು. ಶಾಶ್ವತ. ಅರವತ್ತನಾಲ್ಕು. ಕಣ್ಣು ತುಂಬಿ ಬಂದವು. ಒರೆಸಿಕೊಂಡು ಇನ್ನೊಂದು ಪುಟ ತೆರೆದಳು. ಸೇರಿರುವ ಡಬ್ಬಿಗಳು: ಸೊನ್ನೆ.

ಒಂದು ನಿಮಿಷ ಕಾದಳು. ಸೊನ್ನೆ. ಎರಡು ನಿಮಿಷ. ಸೊನ್ನೆ.

ಫೋನು ರಿಂಗಾಯಿತು. ಡಾಕ್ಟರು. “ಏನಾತ್ರಿ?”

“ನೋಡಾಕತ್ತೀನ್ರಿ,” ಎಂದು ಮಂದಾ ಹೇಳಿದ್ದು ಅವಳಿಗೇ ಕೇಳಿಸಲಿಲ್ಲ.

ಫೋನಿನಲ್ಲಿ ಹಿಂದಿನಿಂದ ಮಯೂರಿಯ ಕೂಗು ಕೇಳಿತು: “ನಾಲ್ಕ! ನಾಲ್ಕನೇ ಬೆಡ್, ಮ್ಯಾಡಮ್!” ಓಡುವ ಹೆಜ್ಜೆಗಳು. ಕರೆ ಕಡಿಯಿತು.

ಮಂದಾ ಯಂತ್ರದ ದಾಖಲೆಯ ಸಾಲುಗಳನ್ನು ತೆರೆದಳು. ಡಬ್ಬಿಗಳು ಬಂದು ಬಾಗಿಲು ತಟ್ಟುತ್ತಿವೆ, ಯಂತ್ರ ಒಳಗೆ ಬಿಡುತ್ತಿಲ್ಲ. ಪ್ರತಿ ಸಾಲಿನಲ್ಲೂ ಒಂದೇ ಕಾರಣ: ಡಬ್ಬಿಯ ಗುರುತಿನ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ. ಇನ್ನೂ ಬಂದಿಲ್ಲ ಅಂದರೇನು? ತಿಂಗಳುಗಳಿಂದ ನಡೆಯುತ್ತಿದ್ದ ಡಬ್ಬಿಗಳಿವು. ಅವಳ ಕಣ್ಣು ಸಾಲಿನ ಆರಂಭಕ್ಕೆ ಹೋಯಿತು. ಅಲ್ಲಿ ತಾರೀಖು ಇತ್ತು. ಒಂದನೇ ಜನವರಿ, ಎರಡು ಸಾವಿರ.

ಯಂತ್ರದೊಳಗಿನ ಗಡಿಯಾರದ ಸಣ್ಣ ಸೆಲ್ಲು ಸತ್ತಿತ್ತು. ಕರೆಂಟು ಹೋದದ್ದೇ ತಡ, ಯಂತ್ರ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಹೋಗಿ ನಿಂತಿತ್ತು. ಅದರ ಲೆಕ್ಕದಲ್ಲಿ ಈ ಡಬ್ಬಿಗಳು ಇನ್ನೂ ಹುಟ್ಟಿಯೇ ಇಲ್ಲ.

ಮಂದಾ ಗಡಿಯಾರದ ಪುಟ ಹುಡುಕಿ ತಾರೀಖು ಹೊಡೆದಳು. ಮೊದಲ ಸಲ ತಿಂಗಳು ತಪ್ಪಿತು. ಅಳಿಸಿ ಮತ್ತೆ ಹೊಡೆದಳು. ಗುಂಡಿ ಒತ್ತಿದಳು.

ಒಂದು. ಸ್ವಲ್ಪ ಹೊತ್ತು ಒಂದೇ. ಆಮೇಲೆ ನಾಲ್ಕು. ಹನ್ನೊಂದು. ಇಪ್ಪತ್ತಾರು. ಅವಳು ಸ್ಕ್ರೀನಿಗೆ ಮುಖ ಹತ್ತಿಸಿಕೊಂಡು ನಿಂತಿದ್ದಳು. ಐವತ್ತೆಂಟು. ಅರವತ್ತಮೂರಕ್ಕೆ ನಿಂತಿತು. ಅರವತ್ತನಾಲ್ಕನೆಯದು ಬರುವಷ್ಟರಲ್ಲಿ ಅವಳು ಮೆಟ್ಟಿಲು ಇಳಿಯುತ್ತಿದ್ದಳು.

ನಾಲ್ಕನೇ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಮಂದಾ ವಾರ್ಡಿನ ಬಾಗಿಲಲ್ಲೇ ನಿಂತಳು. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಎಷ್ಟು ಹೊತ್ತಾಯಿತೋ, ಡಾಕ್ಟರ್ ಸುಖದಾ ಗ್ಲೌಸು ಕಳಚುತ್ತ ಹೊರಬಂದರು. ಐವತ್ತೆರಡು ವರ್ಷದ ರೋಗಿ. ಎದೆಬಡಿತ ಇದ್ದಕ್ಕಿದ್ದಂತೆ ಇಳಿದಿತ್ತು. ಪಕ್ಕದಲ್ಲೇ ನಿಂತಿದ್ದ ನರ್ಸು ಆ ಕ್ಷಣದಲ್ಲೇ ಕಂಡಿದ್ದರಿಂದ ಇಂಜೆಕ್ಷನ್ ಕೊಟ್ಟು ಮರಳಿ ತರಲಾಗಿತ್ತು.

“ಅರಾಮ ಅದಾರ ಈಗ,” ಎಂದರು ಡಾಕ್ಟರು. ಅವರ ಹಣೆಯ ಮೇಲೂ ಬೆವರಿತ್ತು.

ಇದು ರವಿವಾರ ಬೆಳಿಗ್ಗೆ, ಎಲ್ಲರಿಗೂ ಮೊದಲೇ ತಿಳಿದಿದ್ದಾಗ ಆಯಿತು. ಕರೆಂಟು ಹೋದ ಆ ಮಧ್ಯಾಹ್ನ, ಮಂದಾ ಚಪಾತಿ ತಿನ್ನುತ್ತಿದ್ದಾಗ, ಯಾರಿಗೂ ತಿಳಿಯದೆ ಆಗಿದ್ದರೆ? ಆ ಯೋಚನೆ ಅವಳನ್ನು ಬಹಳ ದಿನ ಬಿಡಲಿಲ್ಲ.

ಕೆಲಸ ಹೋಗಲಿಲ್ಲ. ಓದದೆ ಸಹಿ ಮಾಡಿದ್ದಕ್ಕೂ ತಿಳಿದೂ ಹತ್ತು ದಿನ ಹೇಳದಿದ್ದಕ್ಕೂ ಒಂದು ಮೆಮೊ ಕೊಟ್ಟರು. ಅದು ಅವಳ ಫೈಲಿಗೆ ಸೇರಿತು. ಡಾಕ್ಟರ್ ಸುಖದಾ ಅದಕ್ಕೆ ಸಹಿ ಹಾಕುವ ಮುನ್ನ ಅವಳ ಮುಂದೆಯೇ ಪೂರ್ತಿ ಓದಿ ಹೇಳಿದರು. ಅದೇ ವಾರ ಅವಳ ಹುದ್ದೆಯ ಹೆಸರನ್ನೂ ಬದಲಿಸಿದರು. ಟೆಲಿಫೋನ್ ಆಪರೇಟರ್ ಎಂಬುದು ಹೋಗಿ ನೆಟ್‌ವರ್ಕ್ ಮೇಲ್ವಿಚಾರಕಿ ಎಂದಾಯಿತು. ಇದು ಶಿಕ್ಷೆಯೋ ಬಹುಮಾನವೋ ಮಂದಾಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಯಂತ್ರದ ಸೆಲ್ಲು ಬದಲಿಸಿದರು, ಡಯಾಲಿಸಿಸ್ ವಿಭಾಗದ ಡಬ್ಬಿಗೂ ಒಂದು ಲೈಸೆನ್ಸು ತರಿಸಿದರು. ಮಾಣಿಕಬಾಯಿ ಗುಣವಾಗಿ ಮನೆಗೆ ಹೋದರು. ಅವರಿಗೆ ಈ ಯಾವುದೂ ಗೊತ್ತಾಗಲಿಲ್ಲ.

ಮಯೂರಿ ಮಾತ್ರ ಚಹಾಕ್ಕೆ ಬರುವುದನ್ನು ಬಿಟ್ಟಳು. ಎದುರಾದರೆ ಕೆಲಸದ ಮಾತು ಅಷ್ಟೆ. ಪ್ರಿಂಟರ್ ನಡೆಯುತ್ತಿಲ್ಲ, ಬಂದು ನೋಡಿ. ಆಯಿತು, ಹೋಗಬಹುದು. ನಾಲ್ಕು ಗಂಟೆಗೆ ಮಂದಾ ಒಬ್ಬಳೇ ಕಪ್ಪು ಹಿಡಿದು ಕೂರುವಳು.

ದೀಪಾವಳಿ ಕಳೆದು ಒಂದು ಸಂಜೆ ಮಿರಜದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಂದಾ ಮಾಲಗಾಂವದ ಗಾಡಿ ಕಾಯುತ್ತ ಕುಳಿತಿದ್ದಳು. ಮಯೂರಿ ಬಂದು ಪಕ್ಕದಲ್ಲಿ ಕುಳಿತಳು. ಬೇರೆ ಜಾಗ ಖಾಲಿ ಇತ್ತು.

“ಆ ಹತ್ತೂ ದಿನಾ ನನ್ನ ಜೋಡಿ ಕುಂತು ಚಹಾ ಕುಡದ್ರಿ ನೀವು,” ಎಂದಳು ಮಯೂರಿ. “ನಾ ಕೇಳಿದೆ, ಏನಾಗೇತಿ ಅಂತ. ಪಿತ್ತ ಅಂದ್ರಿ.”

“ಅಂದೆ,” ಎಂದಳು ಮಂದಾ. “ಅಂಜಿಕಿ ಆಗಿತ್ತು ಮಯೂರಿ.”

“ನನಗೂ ಅವತ್ತಿಂದ ಆಗೇತಿ. ಪರದಿ ಮ್ಯಾಲೆ ಗೆರಿ ಓಡಾಕತ್ತಿದ್ರೂ ಎದ್ದು ಹೋಗಿ ಪೇಶಂಟ್ ಮಾರಿ ನೋಡಿ ಬರತೇನಿ.”

ಲಿಂಗನೂರಿನ ಗಾಡಿ ಬಂತು. ಮಯೂರಿ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, “ಬರತೇನ್ರಿ ಮಂದಾಕ್ಕಾ,” ಎಂದು ಹೇಳಿ ಹತ್ತಿದಳು. ಕಿಟಕಿಯಲ್ಲಿ ಸೀಟು ಸಿಕ್ಕಿತೇ ಇಲ್ಲವೇ ಎಂದು ಮಂದಾ ಕತ್ತು ಎತ್ತಿ ನೋಡಿದಳು. ಜನ ಬಹಳವಿದ್ದರು, ಕಾಣಲಿಲ್ಲ.